ಮೇಲೆ ಐ, ಬಿಡು, ಕೆಳಗೆ ಜೆ

ಮೊನ್ನೆ ಪರಿಚಯದವರ ಮನೆಯ ಸತ್ಯನಾರಾಯಣ ಪೂಜೆಯ ಊಟದಲ್ಲಿ ಪಕ್ಕದಲ್ಲಿ ಕೂತಿದ್ದ ಹುಡುಗಿ, "ಆಂಟಿ, ನೀವು ಜಾಬ್‌ನಲ್ಲಿ ಏನ್ ಮಾಡ್ತಿದ್ರಿ?" ಎಂದು ಕೇಳಿದಳು. "ಸಣ್ಣ ಅಂಕಿಗಳನ್ನ ಮೇಲೆ ಕೆಳಗೆ ಮಾಡ್ತಿದ್ದೆ" ಎಂದೆ. ಲಿಫ್ಟ್ ರಿಪೇರಿ ಎಂದುಕೊಂಡಳೋ ಏನೋ, ತಲೆಯಾಡಿಸಿ ಪಾಯಸಕ್ಕೆ ಕೈ ಹಾಕಿದಳು. ಮಾತಾಡುತ್ತ ಹೋದಂತೆ ತಿಳಿಯಿತು, ಅವಳಿಗೆ ಹೊಸದಾಗಿ ಕೆಲಸ ಸಿಕ್ಕಿರುವುದು ಪುಸ್ತಕದ ಪುಟ ಕಟ್ಟಿಕೊಡುವ ಕಂಪನಿಯಲ್ಲಿ, ಅದೂ ಗಣಿತದ ವಿಭಾಗದಲ್ಲಿ. ನಾನು ಜೀವನವೆಲ್ಲ ಮಾಡಿದ್ದೇ ಅದು. ಅವಳಿಗೂ ಅವಳ ಜೊತೆ ಸೇರಿದವರಿಗೂ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಸಂಬಳ ಯಾವಾಗ ಏರಿತು, ಯಾವ ಹುದ್ದೆ ಸಿಕ್ಕಿತು ಎನ್ನುವುದೆಲ್ಲ ಇಲ್ಲಿಲ್ಲ. ಅದನ್ನು ಓದಿ ನಿಮಗೇನಾಗಬೇಕು?

ನಾನು ಓದಿದ್ದು ಏಳನೇ ಕ್ಲಾಸು. ಬಿಟ್ಟಿದ್ದು ಲೆಕ್ಕದಲ್ಲಿ ಫೇಲಾಗಿ. ಆಮೇಲೆ ಲೆಕ್ಕದ ಪುಸ್ತಕಗಳನ್ನೇ ಜೋಡಿಸುತ್ತ ಮುದುಕಿಯಾದೆ. ಯಾರಿಗಾದರೂ ಇದರಲ್ಲಿ ದೇವರ ಲೀಲೆ ಕಂಡರೆ ಕಾಣಲಿ. ನನಗೆ ಕಂಡದ್ದು ತಿಂಗಳ ಸಂಬಳ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಎಕ್ಸ್ ಸ್ಕ್ವೇರ್ಡ್ ಎಂದು ಬರೆಯುವಾಗ ಎಕ್ಸಿನ ಹೆಗಲ ಮೇಲೆ ಒಂದು ಪುಟ್ಟ ಎರಡು ಕೂರುತ್ತದೆ. ನೀರಿನ ಹೆಚ್ ಟು ಓ ಬರೆಯುವಾಗ ಹೆಚ್‌ನ ಪಾದದ ಹತ್ತಿರ ಒಂದು ಪುಟ್ಟ ಎರಡು ಕೂರುತ್ತದೆ. ಮೊದಲನೆಯದು ಸೂಪರ್‌ಸ್ಕ್ರಿಪ್ಟ್, ಎರಡನೆಯದು ಸಬ್‌ಸ್ಕ್ರಿಪ್ಟ್. ನಾನು ಮೇಲಿನವನು, ಕೆಳಗಿನವನು ಎನ್ನುತ್ತೇನೆ. ಇವರಿಬ್ಬರೂ ಎಷ್ಟೆತ್ತರ, ಎಷ್ಟು ದೂರ, ಎಷ್ಟು ದಪ್ಪ ಕೂರಬೇಕು ಎಂದು ನೋಡಿಕೊಳ್ಳುವುದೇ ಉದ್ಯೋಗ. ಸರಿಯಾಗಿ ಕೂತರೆ ಯಾರ ಕಣ್ಣಿಗೂ ಬೀಳುವುದಿಲ್ಲ. ತಪ್ಪಾಗಿ ಕೂತರೆ ಫೋನು ಬರುತ್ತದೆ.

ಕಲಿತದ್ದು ಮೈಸೂರಿನ ಒಂದು ಪ್ರೆಸ್ಸಿನಲ್ಲಿ. ಆಗ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಕೈಯಿಂದ ಆರಿಸಿ ಜೋಡಿಸಬೇಕಿತ್ತು. ಫೋರ್‌ಮನ್ ಸುಬ್ಬಣ್ಣನವರು ಬೆನ್ನ ಹಿಂದೆಯೇ ನಿಂತಿರುತ್ತಿದ್ದರು. ಕನ್ನಡದಲ್ಲಿ ಒತ್ತಕ್ಷರ ಇದೆಯಲ್ಲ, ಅದು ಮೇಲಿನ ಅಕ್ಷರಕ್ಕೆ ಅಂಟಿದ ಹಾಗೆ ಕೂರಬೇಕು. ಸ್ವಲ್ಪ ಆಚೆ ಸರಿದರೂ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

"ಏಯ್ ಪುಟ್ತಾಯಿ, ಮಧ್ಯೆ ಗಾಳಿ ಆಡ್ತಾ ಇದೆ ನೋಡು. ಇನ್ನೊಂದ್ ಸಲ ಹೀಗ್ ಮಾಡಿದ್ರೆ ನಿನ್ ಕೈಗೆ ಮೊಳೆ ಕೊಡಲ್ಲ, ಪೊರಕೆ ಕೊಡ್ತೀನಿ."

ಪೊರಕೆಯ ಭಯಕ್ಕೆ ನನ್ನ ಕೈ ಕಲಿತುಬಿಟ್ಟಿತು. ಎಲ್ಲಿ ಸಂದು ಕಂಡರೂ ಒತ್ತರಿಸುವುದು. ಊಟದ ಮೇಜಿನ ಮೇಲೆ ಲೋಟಗಳು ದೂರ ದೂರ ಇದ್ದರೂ ಈಗಲೂ ಒಟ್ಟಿಗೆ ತಳ್ಳುತ್ತೇನೆ.

ಮದುವೆಯಾಗಿ ಸಿಡ್ನಿಗೆ ಬಂದೆ. ಗಂಡ ಇಲ್ಲಿ ಬಸ್ಸು ಓಡಿಸುತ್ತಿದ್ದರು. ನನಗೆ ಸಿಕ್ಕ ಕೆಲಸ ಮತ್ತೆ ಅಕ್ಷರ ಜೋಡಿಸುವುದೇ. ಆದರೆ ಇಲ್ಲಿ ಸೀಸ ಇರಲಿಲ್ಲ. ಅಕ್ಷರಗಳನ್ನು ಫೋಟೋ ಕಾಗದದ ಮೇಲೆ ತೆಗೆದು, ಬ್ಲೇಡಿನಿಂದ ಕೊಯ್ದು, ಹಿಂದೆ ಮೇಣ ಸವರಿ ಹಾಳೆಗೆ ಅಂಟಿಸುತ್ತಿದ್ದರು. ಸಾಸಿವೆಯಷ್ಟು ದಪ್ಪದ ಎರಡು, ಮೂರುಗಳನ್ನು ಬ್ಲೇಡಿನ ತುದಿಯಲ್ಲಿ ಎತ್ತಿ ಎಕ್ಸಿನ ಹೆಗಲಿಗೆ ಕೂರಿಸಬೇಕು. ಸೀನು ಬಂದರೆ ಮುಗಿಯಿತು. ಒಂದು ಸಂಜೆ ರೈಲಿನಲ್ಲಿ ಎದುರು ಕೂತಿದ್ದ ಹೆಂಗಸು ನನ್ನ ಹಣೆಯನ್ನೇ ನೋಡುತ್ತಿದ್ದಳು. ಕುಂಕುಮ ನೋಡುತ್ತಿರಬೇಕು ಎಂದು ನಾನೂ ಸುಮ್ಮನಿದ್ದೆ. ಕೊನೆಗೆ ಅವಳು ಮರ್ಯಾದೆಯಿಂದಲೇ ಕೇಳಿದಳು, ಕೆಂಪು ಚುಕ್ಕಿ ಗೊತ್ತು, ಪಕ್ಕದ ಮೂರಕ್ಕೆ ಅರ್ಥವೇನು ಎಂದು. ಮುಟ್ಟಿ ನೋಡಿದರೆ ಯಾವುದೋ ಘನಮೂಲದ ಮೂರು ನನ್ನ ಹಣೆಗೆ ಅಂಟಿಕೊಂಡು ಮನೆಗೆ ಹೊರಟಿತ್ತು. ಮೂರು ಮಕ್ಕಳು ಎಂದುಬಿಟ್ಟೆ. ನನಗಿದ್ದದ್ದು ಒಬ್ಬನೇ.

ಆಗಿನ ನಮ್ಮ ಮೇಲಿನವಳು ಡೋರೀನ್. ಈ ದೇಶದಲ್ಲಿ ಮೇಲಧಿಕಾರಿಯನ್ನೂ ಹೆಸರು ಹಿಡಿದೇ ಕರೆಯುವುದು, ಹಾಗಾಗಿ ನಾನೂ ಅವಳು, ಇವನು ಎಂದೇ ಬರೆಯುತ್ತೇನೆ. ಪುಟ್ಟತಾಯಮ್ಮ ಎನ್ನಲು ಒಂದು ವಾರ ಒದ್ದಾಡಿ, ಕೊನೆಗೆ ನನಗೆ ಪ್ಯಾಟಿ ಎಂದು ಹೆಸರಿಟ್ಟವಳು ಅವಳೇ. ನನ್ನ ಇಂಗ್ಲಿಷು ಕೇಳಿ ಬೇಸತ್ತು, ಬಾಯಿ ಬೇಡ, ಬೆರಳು ಆಡಿಸು ಎಂದಳು. ಮೇಲಿನವನು ತಪ್ಪಿದ್ದರೆ ಹೆಬ್ಬೆರಳು ಮೇಲಕ್ಕೆ, ಕೆಳಗಿನವನು ತಪ್ಪಿದ್ದರೆ ಕೆಳಕ್ಕೆ. ದಿನವೆಲ್ಲ ಹೀಗೆ ಮೂಗಿಯರ ಹಾಗೆ ಹೆಬ್ಬೆರಳು ತೋರಿಸಿಕೊಂಡೇ ನೂರಾರು ಪುಟ ಮುಗಿಸಿದೆವು. ಡೋರೀನ್ ಕಲಿಸಿದ ಒಂದು ಮಾತನ್ನು ನಿಮಗೂ ಕೊಡುತ್ತೇನೆ. ಎಫ್ ಎಂಬ ಅಕ್ಷರದ ತಲೆ ಮುಂದಕ್ಕೆ ಬಾಗಿರುತ್ತದೆ. ಅದರ ಮೇಲೆ ಎರಡು ಕೂರಿಸುವಾಗ ಒಂದು ಕೂದಲೆಳೆಯಷ್ಟು ಬಲಕ್ಕೆ ಸರಿಸಿ. ಇಲ್ಲದಿದ್ದರೆ ಇಬ್ಬರೂ ಹಣೆ ಹಣೆ ಗುದ್ದಿಕೊಳ್ಳುತ್ತಾರೆ. ಈಗಿನ ಕಂಪ್ಯೂಟರು ತಾನೇ ಸರಿಸುತ್ತದೆ ಎನ್ನುತ್ತೀರಿ. ಸರಿಸುತ್ತದೆ. ಆದರೂ ನೋಡಿ.

ಆಮೇಲೆ ಬ್ಲೇಡು ಹೋಗಿ ಕಂಪ್ಯೂಟರು ಬಂತು, ಡೋರೀನ್ ಹೋಗಿ ಗ್ರಹಾಂ ಬಂದ. ಆಫೀಸು ಚಾಟ್ಸ್‌ವುಡ್‌ಗೆ ಬಂತು. ಕಂಪ್ಯೂಟರಿಗೆ ಕಣ್ಣಿಲ್ಲ, ಹೇಳಿದ್ದಷ್ಟೇ ಕೇಳುತ್ತದೆ. ಹತ್ತರ ಮೇಲೆ ಹನ್ನೊಂದು ಕೂರಿಸು ಎಂದರೆ ಮೊದಲ ಒಂದನ್ನು ಮಾತ್ರ ಮೇಲೆ ಹತ್ತಿಸಿ ಎರಡನೆಯದನ್ನು ಕೆಳಗೇ ಬಿಟ್ಟುಬಿಡುತ್ತದೆ, ಬಸ್ಸಿಗೆ ಅಪ್ಪ ಹತ್ತಿ ಮಗು ಸ್ಟಾಪಿನಲ್ಲೇ ಉಳಿದ ಹಾಗೆ. ಇಬ್ಬರನ್ನೂ ಒಂದು ಆವರಣದೊಳಗೆ ಹಾಕಿ ಕಳಿಸಬೇಕು. ಹೊಸದರಲ್ಲಿ ನಮ್ಮಲ್ಲಿ ಯಾರೋ ಅದನ್ನು ಮರೆತು, ಶಾಲೆಯ ವಿಜ್ಞಾನ ಪುಸ್ತಕವೊಂದರಲ್ಲಿ ಸೂರ್ಯ ಭೂಮಿಗೆ ಎಷ್ಟು ಹತ್ತಿರ ಬಂದುಬಿಟ್ಟಿದ್ದ ಎಂದರೆ, ಲೆಕ್ಕದ ಪ್ರಕಾರ ಅವನು ನಮ್ಮ ಕಾರ್ ಪಾರ್ಕಿನಲ್ಲೇ ನಿಂತಿರಬೇಕಿತ್ತು. ಗ್ರಹಾಂ ಪ್ರೂಫು ಹಿಡಿದುಕೊಂಡು ಬಂದು, "ಪ್ಯಾಟಿ, ಸನ್‌ಸ್ಕ್ರೀನ್ ಹಚ್ಕೊಂಡು ಬಂದಿದ್ದೀಯಾ?" ಎಂದ. ಅವನು ಮಾತಾಡುವುದು ಇಂಗ್ಲಿಷಿನಲ್ಲಿ, ನಾನು ಬರೆಯುತ್ತಿರುವುದು ನನ್ನ ಕಿವಿಗೆ ಬಿದ್ದ ಹಾಗೆ.

ಇದೆಲ್ಲ ಸಣ್ಣಪುಟ್ಟದ್ದು. ನನ್ನ ಕುರ್ಚಿಗೇ ಸಂಚಕಾರ ಬಂದ ಕಥೆ ಬೇರೆ ಇದೆ.

ಆ ಹೊತ್ತಿಗೆ ಗಂಡ ತೀರಿಕೊಂಡು ನಾನು ಕ್ವೇಕರ್ಸ್ ಹಿಲ್‌ನಲ್ಲಿ ಮಗ ಮಹೇಶನ ಮನೆ ಸೇರಿದ್ದೆ. ಮಗ, ಸೊಸೆ ರಶ್ಮಿ ಇಬ್ಬರೂ ನಾರ್ತ್ ಸಿಡ್ನಿಯಲ್ಲಿ ಕಂಪ್ಯೂಟರ್ ಕೆಲಸದವರು. ಅವರಿಗೊಂದು ಗಂಡು ಮಗುವಾಯಿತು. ಮಗು ಚೆನ್ನಾಗಿತ್ತು. ಶನಿವಾರ, ಭಾನುವಾರ ಇನ್ನೂ ಚೆನ್ನಾಗಿತ್ತು. ಸೊಸೆಯ ರಜೆ ಮುಗಿಯುತ್ತ ಬಂದ ಹಾಗೆ ಮಗ ಊಟಕ್ಕೆ ಕೂತಾಗಲೆಲ್ಲ ನನ್ನ ಮುಖ ನೋಡತೊಡಗಿದ.

"ಅಮ್ಮ, ನೀನು ಯಾವಾಗ ರಿಟೈರ್ ಆಗ್ತೀಯ?"

"ಯಾಕೆ, ನನ್ ಕುರ್ಚಿ ನಿನಗೆ ಬೇಕಾ?"

"ಅದಲ್ಲಮ್ಮ. ಚೈಲ್ಡ್‌ಕೇರ್‌ಗೆ ಹಾಕೋದಕ್ಕಿಂತ ಅಜ್ಜಿ ಹತ್ರ ಇದ್ರೆ ಮಗು ಕನ್ನಡಾನೂ ಕಲಿಯುತ್ತೆ."

"ನಿನ್ನನ್ನ ಬೆಳೆಸಿದ್ದೂ ನಾನೇ. ನೀನೆಷ್ಟು ಕಲ್ತೆ? ನಿನ್ನೆ ಬದನೆಕಾಯಿಗೆ 'ಆ ಪರ್ಪಲ್ ಥಿಂಗ್' ಅಂದೆ."

ರಶ್ಮಿ ನಕ್ಕುಬಿಟ್ಟಳು. ಆಮೇಲೆ ತಾನು ಯಾರ ಕಡೆ ಎಂಬುದು ನೆನಪಾಗಿ ಮಗುವಿನ ಬಾಯಿ ಒರೆಸತೊಡಗಿದಳು.

ಅದೇ ವಾರ ಗ್ರಹಾಂ ನಮ್ಮನ್ನೆಲ್ಲ ಕೂರಿಸಿ ವಿಷಯ ಹೇಳಿದ. ಗಣಿತದ ಕೆಲಸವೆಲ್ಲ ಹೊರದೇಶಗಳಿಗೆ ಹೋಗುತ್ತಿದೆ. ನಮ್ಮ ವಿಭಾಗ ಮುಚ್ಚುವ ಮಾತು ಮೇಲಿನವರಲ್ಲಿ ನಡೆಯುತ್ತಿದೆ. ಮೆಲ್ಬರ್ನಿನ ಒಬ್ಬ ಪ್ರಕಾಶಕರು ಪರೀಕ್ಷೆಗೆಂದು ಒಂದು ಪುಸ್ತಕ ಕೊಟ್ಟಿದ್ದಾರೆ. ಅವರಿಗೆ ಹಿಡಿಸಿದರೆ ಅವರ ಕೆಲಸವೆಲ್ಲ ನಮಗೆ. ಹಿಡಿಸದಿದ್ದರೆ ಬಾಗಿಲಿಗೆ ಬೀಗ. ಪುಸ್ತಕ ಜೋಡಿಸುವವಳು ನಾನು.

ಮನೆಗೆ ಬಂದು ಹೇಳಿದೆ. ಬಚ್ಚಿಡುವ ಅಭ್ಯಾಸ ನನಗಿಲ್ಲ. ಮಗನ ಮುಖ ಅರಳಿತು.

"ಛೆ ಛೆ, ಪಾಪ" ಎಂದ.

"ಹಲ್ಲು ಕಾಣ್ತಿದೆ, ಮುಚ್ಕೋ" ಎಂದೆ. "ಕೇಳು. ಡಿಪಾರ್ಟ್‌ಮೆಂಟ್ ಮುಚ್ಚಿದ್ರೆ ಮಗು ನಾನು ನೋಡ್ಕೋತೀನಿ, ಬೆಳಿಗ್ಗೆಯಿಂದ ಸಂಜೆವರೆಗೆ, ಒಂದು ಮಾತಾಡಲ್ಲ. ಉಳಿದ್ರೆ ನೀನು ಚೈಲ್ಡ್‌ಕೇರ್ ಹುಡುಕ್ಬೇಕು. ಆಮೇಲೆ ಆ ಮಾತು ಎತ್ತಬಾರದು."

"ಡೀಲ್!" ಎಂದು, ಗೆದ್ದವನ ಹಾಗೆ ಎರಡನೇ ಸಲ ಹುಳಿ ಬಡಿಸಿಕೊಂಡ.

ಪುಸ್ತಕ ಬರೆದವರು ಎಂ. ಎಸ್. ರಾವ್ ಎಂಬ ನಿವೃತ್ತ ಪ್ರೊಫೆಸರು. ಆಂಧ್ರದವರಿರಬೇಕು ಎಂದುಕೊಂಡೆ. ಇಡೀ ಪುಸ್ತಕ ಕೈಬರಹ, ಅದನ್ನು ಸ್ಕ್ಯಾನ್ ಮಾಡಿ ಕಳಿಸಿದ್ದರು. ನಾನು ಅಲ್ಲಿಯವರೆಗೆ ಜೋಡಿಸಿದ್ದೆಲ್ಲ ಶಾಲೆ ಪುಸ್ತಕ, ಪ್ರಶ್ನೆಪತ್ರಿಕೆ, ಇಂಜಿನಿಯರಿಂಗು. ಇದು ಬೇರೆ ಜಾತಿಯದು. ಒಂದೊಂದು ಅಕ್ಷರಕ್ಕೆ ಮೇಲೆ ಇಬ್ಬರು, ಕೆಳಗೆ ಇಬ್ಬರು. ಟಿ ಎಂಬ ಅಕ್ಷರದ ಹೆಗಲಿಗೆ ಐ, ಕಾಲಿಗೆ ಜೆ, ಮತ್ತೆ ಹೆಗಲಿಗೆ ಕೆ. ಆದರೆ ಅವು ಒಂದರ ನೇರಕ್ಕೆ ಒಂದಿರಲಿಲ್ಲ. ಮೇಲೊಂದು, ಆಮೇಲೆ ಖಾಲಿ ಜಾಗ, ಅದರ ಕೆಳಗೊಂದು, ಮತ್ತೆ ಖಾಲಿ. ಪಾಪ, ವಯಸ್ಸಾದವರು, ಕೈ ನಡುಗುತ್ತದೆ ಎಂದು ಕನಿಕರ ಪಟ್ಟೆ. ಸಂದುಗಳನ್ನೆಲ್ಲ ಮುಚ್ಚಿದೆ. ಮೇಲಿನವರನ್ನು ಕೆಳಗಿನವರ ನೆತ್ತಿಯ ನೇರಕ್ಕೆ ಎಳೆದು, ಎಲ್ಲರನ್ನೂ ಟಿಗೆ ಅಂಟಿಸಿ ಕೂರಿಸಿದೆ. ಸುಬ್ಬಣ್ಣನವರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಗ್ರಹಾಂ ಕೂಡ ಪುಟ ತಿರುಗಿಸಿ, ಇಸ್ತ್ರಿ ಹಾಕಿದ ಹಾಗಿದೆ ಎಂದ. ಪ್ರೂಫು ಮೆಲ್ಬರ್ನಿಗೆ ಹೋಯಿತು.

ಫೋನು ಬಂತು. ಗ್ರಹಾಂ ನನ್ನನ್ನು ಕರೆದು ಸ್ಪೀಕರ್ ಹಾಕಿದ. ಪ್ರೊಫೆಸರು ಬಹಳ ಮರ್ಯಾದೆಯ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಅಷ್ಟು ಮರ್ಯಾದೆ ಕೇಳಿದರೆ ಏನೋ ಕಾದಿದೆ ಎಂದೇ ಅರ್ಥ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದು ಸೂತ್ರವೂ ಸರಿಯಿಲ್ಲ ಎಂದರು. ಗ್ರಹಾಂ ಸಾರಿ ಎಂದ, ಮತ್ತೆ ಸಾರಿ ಎಂದ. ಅಷ್ಟರಲ್ಲಿ ಆ ಕಡೆಯಿಂದ, ಫೋನಿಗಲ್ಲ, ಪಕ್ಕದಲ್ಲಿದ್ದ ಯಾರಿಗೋ ಅಚ್ಚ ಕನ್ನಡದಲ್ಲಿ ಹೇಳಿದ್ದು ಕೇಳಿಸಿತು.

"ನೋಡೇ ಕಮಲ, ಯಾವ ಮುಠ್ಠಾಳ ಕೂತ್ಕೊಂಡು ಎಲ್ಲಾನೂ ಹೀಗೆ ಒತ್ತೊತ್ತಾಗಿ ತುರುಕಿದಾನೋ!"

ನಾನು ಫೋನಿನ ಹತ್ತಿರ ಬಾಗಿದೆ. "ತುರುಕಿದಾಳೆ, ಸಾರ್. ಆ ಮುಠ್ಠಾಳ ನಾನೇ."

ಗ್ರಹಾಂ ನನ್ನ ಮುಖ ನೋಡಿದ.

"ಯಾವೂರಮ್ಮ ನಿಮ್ದು?" ಎಂದು ಆ ಕಡೆಯಿಂದ ಬಂತು ದನಿ.

"ಮೈಸೂರು."

"ಮೈಸೂರಲ್ಲಿ ಎಲ್ಲಿ?"

"ಬೈಯೋದು ಮುಗಿಸಿ ಸಾರ್, ಊರು ಆಮೇಲೆ ಹೇಳ್ತೀನಿ."

ಅವರು ಬೈಯಲಿಲ್ಲ, ವಿವರಿಸಿದರು. ಅದು ಬೈಗುಳಕ್ಕಿಂತ ಉದ್ದವಾಗಿತ್ತು. ನನ್ನ ತಲೆಗೆ ಹತ್ತಿದ್ದು ಇಷ್ಟು: "ನಿಮ್ಮ ಸಿಡ್ನಿ ರೈಲಿಗೆ ಮೇಲೂ ಸೀಟು, ಕೆಳಗೂ ಸೀಟು ಇದೆಯಲ್ಲಮ್ಮ. ಯಾರು ಮೇಲೆ ಕೂತರು, ಯಾರು ಕೆಳಗೆ ಕೂತರು ಅನ್ನೋದು ಒಂದು. ಕ್ಯೂನಲ್ಲಿ ಯಾರು ಮೊದಲು, ಯಾರು ಆಮೇಲೆ ಅನ್ನೋದು ಇನ್ನೊಂದು. ನನಗೆ ಎರಡೂ ಬೇಕು. ಆ ಖಾಲಿ ಜಾಗ ಇದೆಯಲ್ಲ, ಅದೇ ಕ್ಯೂ. ನೀವು ಕ್ಯೂನೇ ಅಳಿಸಿಬಿಟ್ರಿ."

"ಏನಂತೆ?" ಎಂದ ಗ್ರಹಾಂ.

"ನಾನು ದಡ್ಡಿಯಂತೆ."

"ಇಷ್ಟು ಹೊತ್ತು ಅದನ್ನೇ ಹೇಳಿದರಾ?"

"ಉದಾಹರಣೆ ಕೊಟ್ಟು ಹೇಳಿದರು."

ಪ್ರಕಾಶಕರು ಮುಂದಿನ ಶುಕ್ರವಾರದೊಳಗೆ ಸರಿಯಾದ ಪುಟ ಕೇಳಿದರು. ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಯಾವ ಸಂದು ಎಲ್ಲಿ ಎಂಬುದು ಕಂಪ್ಯೂಟರಿಗೆ ಗೊತ್ತಿಲ್ಲ, ನನಗೆ ಮೊದಲೇ ಗೊತ್ತಿಲ್ಲ, ಸ್ಕ್ಯಾನಿನಲ್ಲಿ ಅರ್ಧಕ್ಕರ್ಧ ಮಸುಕು. ಪ್ರೊಫೆಸರು ಈಮೇಲ್ ಮುಟ್ಟುವವರಲ್ಲ. ಗ್ರಹಾಂ ಲ್ಯಾಪ್‌ಟಾಪು ನನ್ನ ಕೈಗಿಟ್ಟು, ಹೋಗಿ ಅವರ ಮನೆಯಲ್ಲೇ ಕೂತು ಸರಿಮಾಡು ಎಂದ.

ಮಗನೇ ಏರ್‌ಪೋರ್ಟಿಗೆ ಬಿಟ್ಟ. ಬಹಳ ಪ್ರೀತಿಯಿಂದ ಬಿಟ್ಟ. ಮಗುವನ್ನೂ ಕರೆತಂದಿದ್ದ, ನನ್ನ ಮನಸ್ಸು ಕರಗಲಿ ಎಂದು. ಅದು ದಾರಿಯುದ್ದಕ್ಕೂ ನನ್ನ ಬೆರಳು ಚೀಪಿತು.

"ಅಮ್ಮ, ಸ್ಟ್ರೆಸ್ ಮಾಡ್ಕೋಬೇಡ. ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ" ಎಂದ ಮಹೇಶ.

"ಆಗಲ್ಲ ಅಂತ ಯಾವ ದೇವರಿಗೆ ಹರಕೆ ಹೊತ್ತಿದ್ದೀಯ?"

"ಸುಮ್ನೆ ಹೇಳ್ದೆ."

"ಸುಮ್ನೆ ಗಾಡಿ ಓಡ್ಸು."

ರಾವ್ ದಂಪತಿಯ ಮನೆ ಗ್ಲೆನ್ ವೇವರ್ಲಿಯಲ್ಲಿ. ಮೆಲ್ಬರ್ನಿನ ಚಳಿಗೆ ಪ್ರೊಫೆಸರು ಮನೆಯೊಳಗೂ ಮಂಕಿ ಕ್ಯಾಪ್ ಹಾಕಿಕೊಂಡಿದ್ದರು. ಸಣ್ಣ ಆಳು, ದೊಡ್ಡ ದನಿ. ಅವರ ಹೆಂಡತಿ ಕಮಲಮ್ಮ ಉಪ್ಪಿಟ್ಟಿನ ತಟ್ಟೆ ನನ್ನ ಮುಂದಿಟ್ಟು, "ಬೈದದ್ದಕ್ಕೆ ಬೇಜಾರ್ ಮಾಡ್ಕೋಬೇಡಿ, ನನ್ನನ್ನೂ ಹಂಗೇ ಬೈತಾರೆ" ಎಂದರು.

ಮೇಷ್ಟ್ರು ಕಾಗದ ಹರಡಿಕೊಂಡು ಪಾಠ ಶುರು ಮಾಡಿದರು. ನಾನು ತಡೆದೆ. "ಸಾರ್, ನನಗೆ ಅರ್ಥ ಆಗೋದು ಬೇಡ. ಎಲ್ಲಿ ಜಾಗ ಬಿಡ್ಬೇಕು ಅಂತ ಹೇಳಿ ಸಾಕು."

"ಅರ್ಥ ಆಗದೆ ಹೇಗಮ್ಮ ಕೆಲಸ ಮಾಡ್ತೀರಿ?"

"ಇಷ್ಟು ವರ್ಷ ಮಾಡಿಲ್ವಾ?"

"ಅದು ಪ್ರೂಫ್‌ನಲ್ಲೇ ಕಾಣ್ತಾ ಇದೆ" ಎಂದರು. ಆ ಸುತ್ತು ಅವರೇ ಗೆದ್ದರು.

ಕೆಲಸಕ್ಕೆ ನಾನೊಂದು ಹಳೇ ದಾರಿ ಹಿಡಿದೆ. ಮೈಸೂರಿನ ಪ್ರೆಸ್ಸಿನಲ್ಲಿ ಪ್ರೂಫು ನೋಡುವಾಗ ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಜೋಡಿಸಿದ್ದನ್ನು ನೋಡುತ್ತ ಹೋಗುವುದು ಇತ್ತು. ಇಲ್ಲೂ ಹಾಗೇ ಮಾಡೋಣ ಎಂದೆ. ಖಾಲಿ ಜಾಗ ಬಂದಾಗ 'ಬಿಡು' ಎನ್ನಬೇಕು. ಮೇಷ್ಟ್ರು ಓದತೊಡಗಿದರು: "ಟಿ, ಮೇಲೆ ಐ, ಬಿಡು, ಕೆಳಗೆ ಜೆ, ಬಿಡು, ಮೇಲೆ ಕೆ." ನಾನು ಬೆರಳು ಆಡಿಸುತ್ತ ಹೋದೆ. ಈ ವಿಧಾನದಲ್ಲಿ ಒಂದೇ ತೊಂದರೆ, ಓದುವವರು ಬರೆದವರೇ ಆಗಿದ್ದದ್ದು. ಅರ್ಧ ಪುಟಕ್ಕೊಮ್ಮೆ ನಿಂತು, "ಆಹಾ, ಇದು ನೋಡಿ ಎಷ್ಟು ಚೆನ್ನಾಗಿ ಬಂದಿದೆ" ಎನ್ನುತ್ತಿದ್ದರು. "ಚೆನ್ನಾಗಿದೆ ಸಾರ್, ಮುಂದೆ ಹೋಗಿ" ಎನ್ನುತ್ತಿದ್ದೆ.

ಮರುದಿನ ಅವರ ಗಂಟಲು ಕಟ್ಟಿತು. ಬಾಯಿ ತೆರೆದರೆ ಗಾಳಿ ಮಾತ್ರ. ಶುಕ್ರವಾರ ಹತ್ತಿರ ಬರುತ್ತಿತ್ತು, ಪುಸ್ತಕ ಅರ್ಧವೂ ಆಗಿರಲಿಲ್ಲ. ನನ್ನ ಕಣ್ಣ ಮುಂದೆ ಹಾಲಿನ ಬಾಟಲಿಗಳು ಸಾಲಾಗಿ ನಿಂತವು. ಕಮಲಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಬಂದು, "ಕೊಡಿ ಇಲ್ಲಿ" ಎಂದು ಕಾಗದ ಎಳೆದುಕೊಂಡರು. ಭಜನಾ ಮಂಡಳಿಯಲ್ಲಿ ಹಾಡಿದ ಗಂಟಲು. ಎರಡು ಸಾಲು ನೀರಸವಾಗಿ ಓದಿ, ಮೂರನೆಯದಕ್ಕೆ ರಾಗ ಹಿಡಿದುಬಿಟ್ಟರು. ಮೇಲೆ ಐ ಬಂದರೆ ದನಿ ಮೇಲಕ್ಕೆ, ಕೆಳಗೆ ಜೆ ಬಂದರೆ ಕೆಳಕ್ಕೆ, 'ಬಿಡು' ಬಂದಲ್ಲಿ ಒಂದು ನಿಲುಗಡೆ. ನನಗೆ ಪರದೆ ನೋಡುವುದೂ ಬೇಕಾಗಲಿಲ್ಲ, ಕಿವಿಯೇ ಕೈಗೆ ಹೇಳುತ್ತಿತ್ತು. ಮೇಷ್ಟ್ರು ಬಿಸಿನೀರಿನ ಸ್ಟೀಲ್ ಲೋಟ ಹಿಡಿದು ಪಕ್ಕದಲ್ಲಿ ಕೂತರು. ತಪ್ಪಾದರೆ ಚಮಚದಿಂದ ಲೋಟಕ್ಕೆ ಟಣ್ ಎಂದು ಬಾರಿಸುವುದು ಅವರ ಕೆಲಸ. ಬೇಲಿಯಾಚೆಯ ಗ್ರೀಕ್ ಅಜ್ಜಿ ಬಟ್ಟೆ ಒಣಹಾಕುತ್ತ ನಿಂತು ಕೇಳಿ, ಇದು ಯಾವ ದೇವರ ಪೂಜೆ ಎಂದು ವಿಚಾರಿಸಿದಳಂತೆ. ಕಮಲಮ್ಮ ಗಂಡನ ಕಡೆ ಕೈ ತೋರಿಸಿದರಂತೆ.

ಹೀಗೆ ಗುರುವಾರ ಮಧ್ಯಾಹ್ನದ ಹೊತ್ತಿಗೆ ಎರಡೇ ಅಧ್ಯಾಯ ಉಳಿದವು. ಆಗ ಮೇಷ್ಟ್ರ ಗಂಟಲು ಬಿಟ್ಟಿತು. ಬಿಡಬಾರದಿತ್ತು.

"ಪುಟ್ಟತಾಯಮ್ಮನೋರೆ, ಒಂದು ಯೋಚನೆ ಬಂದಿದೆ" ಎಂದರು. "ಈ ಐ, ಜೆ ಯಾಕೋ ಸಪ್ಪೆ. ಎಲ್ಲಾ ಕಡೆ ಗ್ರೀಕ್ ಅಕ್ಷರ ಹಾಕಿಬಿಡೋಣ. ಮ್ಯೂ, ನ್ಯೂ. ಲಕ್ಷಣವಾಗಿರುತ್ತೆ."

"ಎಲ್ಲಾ ಕಡೆ ಅಂದ್ರೆ?"

"ಮೊದಲನೇ ಪುಟದಿಂದ."

"ಕಂಪ್ಯೂಟರಲ್ಲಿ ಒಂದೇ ಸಲ ಬದಲಾಗುತ್ತೆ ತಾನೆ?" ಎಂದು ಕೇಳಿದರು ಕಮಲಮ್ಮ.

"ಆಗುತ್ತಮ್ಮ. 'ಇಫ್'ನಲ್ಲಿರೋ ಐಯೂ ಗ್ರೀಕ್ ಆಗುತ್ತೆ, 'ಇನ್'ನಲ್ಲಿರೋ ಐಯೂ ಆಗುತ್ತೆ. ಮತ್ತೆ ಮೊದಲಿಂದ ಓದ್ಬೇಕು."

"ಓದೋಣ" ಎಂದರು ಮೇಷ್ಟ್ರು. "ಪುಸ್ತಕ ಒಂದೇ ಸಲ ಬರೋದು."

ನನಗೆ ರೇಗಿತು. ಅಷ್ಟು ದಿನ ಮನೆಯ ಮಾತು ತೆಗೆದಿರಲಿಲ್ಲ, ತೆಗೆದೆ. ಮಗನ ಜೊತೆ ಆದ ಒಪ್ಪಂದ, ನಾಳೆ ಪುಟ ಹೋಗದಿದ್ದರೆ ನನ್ನ ಗತಿ, ಎಲ್ಲ ಹೇಳಿದೆ. "ಸಾರ್, ನೀವು ಇಲ್ಲಿ ಮ್ಯೂ ಹಾಕಿದ್ರೆ ನಾನು ಅಲ್ಲಿ ಮಗುವಿಗೆ ನ್ಯಾಪಿ ಹಾಕ್ಬೇಕಾಗುತ್ತೆ."

ಮೇಷ್ಟ್ರು ನಕ್ಕರು. "ಮೊಮ್ಮಗು ನೋಡ್ಕೊಳ್ಳೋದು ಪುಣ್ಯದ ಕೆಲಸ ಅಲ್ವೇನಮ್ಮ? ನಾವೂ ಇಬ್ಬರನ್ನ ಬೆಳೆಸಿದೆವು."

"ನಾವು?" ಎಂದರು ಕಮಲಮ್ಮ. ಕಾಗದ ಮೇಜಿನ ಮೇಲಿಟ್ಟರು. "ನಾವು ಅಂದ್ರೆ ಯಾರು ರೀ? ನೀವು ಒಳಗಿನ ರೂಮಲ್ಲಿ ಬಾಗಿಲು ಹಾಕ್ಕೊಂಡು ಈ ಪುಸ್ತಕ ಬರೀತಿದ್ರಿ. ನನ್ನ ಮೊಣಕಾಲು ಯಾರ ಹಿಂದೆ ಓಡಿ ಹೀಗಾಗಿದೆ ಅನ್ಕೊಂಡಿದ್ದೀರಾ? ಐ, ಜೆ ಇರ್ಲಿ."

"ಆದ್ರೆ ಕಮಲ, ಮ್ಯೂ..."

"ಐ, ಜೆ ಇರ್ಲಿ ಅಂದೆ."

ಮೇಷ್ಟ್ರು ಚಮಚ ತೆಗೆದುಕೊಂಡು ತಮ್ಮ ಜಾಗದಲ್ಲಿ ಕೂತರು. ಕಮಲಮ್ಮ ರಾಗ ಮುಂದುವರಿಸಿದರು, ಸ್ವಲ್ಪ ವೇಗವಾಗಿ. ಶುಕ್ರವಾರ ಬೆಳಿಗ್ಗೆ ಪುಟಗಳು ಹೋದವು.

ಹೊಸಬರಿಗೆ ಇಲ್ಲಿ ಒಂದು ಮಾತು. ಬರೆದವರು ಬಿಟ್ಟ ಜಾಗ ಖಾಲಿ ಎಂದುಕೊಳ್ಳಬೇಡಿ. ಅರ್ಥವಾಗದಿದ್ದರೆ ಕೇಳಿ, ಬೈಗುಳ ತಿನ್ನಿ, ಆಮೇಲೆ ಮುಟ್ಟಿ. ಬರೆದವರಿಗೆ ಹೊಸ ಯೋಚನೆ ಬಂದರೆ ಮಾತ್ರ ಅವರ ಮನೆಯವರನ್ನು ಕರೆಯಿರಿ.

ಪ್ರಕಾಶಕರಿಗೆ ಹಿಡಿಸಿತು. ವಿಭಾಗ ಉಳಿಯಿತು. ಮಗನಿಗೆ ಹೇಳಿದಾಗ "ಕಂಗ್ರಾಟ್ಸ್ ಅಮ್ಮ" ಎಂದ, ದನಿ ಪಾದದ ಹತ್ತಿರ ಇತ್ತು. ಪಾಪ, ಮಾತಿಗೆ ತಪ್ಪಲಿಲ್ಲ. ಆ ಶನಿವಾರವೇ ಚೈಲ್ಡ್‌ಕೇರ್‌ಗಳಿಗೆ ಫೋನು ಮಾಡಲು ಕೂತ. ಮಗುವಿಗೆ ಸೀಟೂ ಸಿಕ್ಕಿತು. ಅದು ಮೊದಲ ವಾರ ಅತ್ತು, ಎರಡನೇ ವಾರದಿಂದ ನಮ್ಮನ್ನು ನೋಡಿದರೆ ಅಳತೊಡಗಿತು.

ನಾನು ನೆಮ್ಮದಿಯಾಗಿದ್ದೆ. ಅಷ್ಟರಲ್ಲಿ ಒಂದು ದಿನ ಗ್ರಹಾಂ ಕರೆದ. ಮುಖದ ತುಂಬ ನಗು.

"ಪ್ಯಾಟಿ, ಒಳ್ಳೇ ಸುದ್ದಿ. ಕಂಪನಿ ಅರ್ಧ ಮಹಡಿ ಬಿಟ್ಟುಕೊಡುತ್ತಿದೆ. ಇನ್ನು ಮೇಲೆ ಗಣಿತದವರು ಯಾರೂ ಆಫೀಸಿಗೆ ಬರಬೇಕಿಲ್ಲ. ಲ್ಯಾಪ್‌ಟಾಪು ತಗೊಂಡು ಹೋಗಿ ಮನೆಯಲ್ಲೇ ಮಾಡು."

ನಾನು ಕೂತುಬಿಟ್ಟೆ. ಇಷ್ಟೆಲ್ಲ ಮಾಡಿ ಉಳಿಸಿಕೊಂಡ ಕೆಲಸ ಮನೆಯ ಊಟದ ಮೇಜಿಗೇ ಬಂದು ಕೂರುತ್ತಿತ್ತು. ಮಗನಿಗೆ ತಿಳಿದರೆ ಏನೆನ್ನುತ್ತಾನೆ ಎಂಬುದು ನನಗೆ ಅವನ ದನಿಯಲ್ಲೇ ಕೇಳಿಸಿತು: ಹೇಗೂ ಮನೇಲೇ ಇರ್ತೀಯಲ್ಲಮ್ಮ, ಮಗು ಪಕ್ಕದಲ್ಲೇ ಆಡ್ಕೊಂಡಿರುತ್ತೆ. ಒಪ್ಪಂದದಲ್ಲಿ ವಿಭಾಗ ಉಳಿದರೆ ಎಂದಿತ್ತೇ ಹೊರತು ಆಫೀಸು ಉಳಿದರೆ ಎಂದಿರಲಿಲ್ಲ.

"ನಾನು ಇಲ್ಲಿಗೇ ಬರ್ತೀನಿ" ಎಂದೆ.

"ಎಲ್ಲರೂ ಕುಣಿದಾಡುತ್ತಿದ್ದಾರೆ. ನಿನಗೇನಾಯಿತು?"

"ನಿನಗೆ ಅರ್ಥ ಆಗಲ್ಲ ಗ್ರಹಾಂ. ಮನೆಯಲ್ಲಿ ಮೊಮ್ಮಗು ಇದೆ."

ಗ್ರಹಾಂ ಎದ್ದು ಬಾಗಿಲು ಮುಚ್ಚಿದ. ವಾಪಸು ಬಂದು ಕೂತು, ದನಿ ತಗ್ಗಿಸಿದ.

"ಪ್ಯಾಟಿ, ನನಗೆ ಮೂವರು ಮೊಮ್ಮಕ್ಕಳು. ಒಂದೇ ಬೀದಿಯಲ್ಲಿದ್ದಾರೆ. ನಾನು ಪ್ರತಿದಿನ ಎಲ್ಲರಿಗಿಂತ ಮುಂಚೆ ಯಾಕೆ ಬರುತ್ತೇನೆ ಅಂದುಕೊಂಡಿದ್ದೀಯ? ಶಿಸ್ತು ಅಂತಲಾ?"

ಉಳಿದ ಅರ್ಧ ಮಹಡಿಯ ಮೂಲೆಯಲ್ಲಿ ಎರಡು ಮೇಜು ಹಾಕಿಸಿಕೊಂಡೆವು. ನಾನು ನಿವೃತ್ತಳಾಗುವವರೆಗೂ ಕ್ವೇಕರ್ಸ್ ಹಿಲ್‌ನಿಂದ ರೈಲು ಹತ್ತಿಕೊಂಡು, ಊಟದ ಡಬ್ಬಿ ಹಿಡಿದುಕೊಂಡು ಹೋದೆ. ಇಡೀ ಮೂಲೆಯಲ್ಲಿ ನಾವಿಬ್ಬರೇ. ಅವನು ಟೀ ಮಾಡುತ್ತಿದ್ದ, ನಾನು ಅವರೇಕಾಳು ಉಪ್ಪಿಟ್ಟು ಕೊಡುತ್ತಿದ್ದೆ. ಮೇಲಿನವರು, ಕೆಳಗಿನವರು ತಮ್ಮ ತಮ್ಮ ಜಾಗದಲ್ಲಿ ಕೂರುತ್ತಿದ್ದರು. ಅಳುವವರು ಯಾರೂ ಇರಲಿಲ್ಲ. ಅಷ್ಟು ಒಳ್ಳೆಯ ಕೆಲಸ ನಾನು ಅದಕ್ಕೂ ಮುಂಚೆ ಮಾಡಿದ್ದಿಲ್ಲ.

ಮನೆಯಲ್ಲಿ ಏನು ಹೇಳಿದಿರಿ ಎಂದು ಕೇಳುತ್ತೀರಿ. ಗ್ರಹಾಂ ಒಪ್ಪುವುದಿಲ್ಲ, ಬಹಳ ಕಟ್ಟುನಿಟ್ಟು, ಆಫೀಸಿಗೆ ಬರಲೇಬೇಕಂತೆ ಎಂದು ಹೇಳಿದ್ದೆ. ಮಗ ನಂಬಿ, "ಎಂಥಾ ಬಾಸ್ ಅಮ್ಮ, ವಯಸ್ಸಾದವರಿಗೆ ಹೀಗಾ ಮಾಡೋದು" ಎಂದು ಮರುಗುತ್ತಿದ್ದ. ಗ್ರಹಾಂ ತನ್ನ ಮನೆಯಲ್ಲಿ ಏನು ಹೇಳಿದ್ದ ಎಂಬುದನ್ನು ನಾನೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಅದು ತಿಳಿದದ್ದು ನನ್ನ ಬೀಳ್ಕೊಡುಗೆಯ ದಿನ. ಕೇಕು ತರಿಸಿದ್ದರು, ಮನೆಯವರನ್ನೂ ಕರೆದಿದ್ದರು. ನಾನು, ಗ್ರಹಾಂ, ಮಹೇಶ ಒಟ್ಟಿಗೆ ನಿಂತಿದ್ದಾಗ ಗ್ರಹಾಂನ ಹೆಂಡತಿ ನೇರ ನನ್ನ ಹತ್ತಿರ ಬಂದು ಕೈ ಕುಲುಕಿದಳು.

"ಓಹೋ, ಆ ಪ್ಯಾಟಿ ನೀನೇನಾ? ಮನೆಯಿಂದ ಕೆಲಸ ಮಾಡಲ್ಲ ಅಂತ ಹಟ ಹಿಡಿದು ಇಷ್ಟು ವರ್ಷ ನನ್ನ ಗಂಡನನ್ನ ದಿನಾ ಇಲ್ಲಿಗೆ ಎಳೆದವಳು?"

"ಇಲ್ವಲ್ಲಾ" ಎಂದ ನನ್ನ ಮಗ, ನನ್ನ ಪರವಾಗಿ. "ಹಟ ಹಿಡಿದಿದ್ದು ಗ್ರಹಾಂ. ಅಮ್ಮ ಮನೇಲಿರೋಕೆ ರೆಡಿ ಇದ್ರು."

ಅವಳೂ ನನ್ನ ಮಗನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನಿಧಾನವಾಗಿ ನಮ್ಮ ಕಡೆ ತಿರುಗಿದರು. ಗ್ರಹಾಂ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದನ್ನು ನೋಡತೊಡಗಿದ. ನಾನು ಕೇಕಿನ ಇನ್ನೊಂದು ದೊಡ್ಡ ತುಂಡು ತೆಗೆದು ಪೂರ್ತಿ ಬಾಯಿಗೆ ಹಾಕಿಕೊಂಡೆ. ಬಾಯಿ ತುಂಬಿರುವ ಮುದುಕಿಯಿಂದ ಉತ್ತರ ಕೇಳುವಷ್ಟು ಒರಟರು ಅವರಿಬ್ಬರೂ ಅಲ್ಲ.